ಗ್ರಂಥಪಾಲಕಿಯ ಅಭಿರುಚಿ ಮತ್ತು ಭಾನುವಾರದ ಪುಸ್ತಕ ಚರ್ಚೆ

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವ ಪುಸ್ತಕಗಳ ಬೆನ್ನಿಗೆ ಅಂಟಿಸಿರುವ ಚೀಟಿಗಳನ್ನು ಒಮ್ಮೆ ಗಮನಿಸಿ. ಎಲ್ಲದರ ಮೇಲೂ 894.8143 ಎಂಬ ಒಂದೇ ಸಂಖ್ಯೆ ಇದೆ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಇದು ಕನ್ನಡದ ಕಥೆ, ಕಾದಂಬರಿಗಳಿಗೆ ಸಲ್ಲುವ ಸಂಖ್ಯೆ. ಜ್ಞಾನಪೀಠ ಪಡೆದವರ ಬೃಹತ್ ಕಾದಂಬರಿಯೂ, ರೈಲು ಪ್ರಯಾಣದಲ್ಲಿ ಓದಿ ಮುಗಿಸಬಹುದಾದ ಪತ್ತೇದಾರಿ ಕಥೆಯೂ, ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾದ ಸಾಂಸಾರಿಕ ಕಾದಂಬರಿಯೂ ಇದೇ ಸಂಖ್ಯೆಯ ಅಡಿಯಲ್ಲಿ, ಲೇಖಕರ ಹೆಸರಿನ ಅಕ್ಷರಕ್ರಮದಲ್ಲಿ, ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಯಾವುದು ಶ್ರೇಷ್ಠ, ಯಾವುದು ಸಾಧಾರಣ ಎಂದು ಈ ಸಂಖ್ಯೆ ಹೇಳುವುದಿಲ್ಲ. ಆದರೆ ಕಪಾಟನ್ನು ನೋಡಿಕೊಳ್ಳುವ ನಾನು ಓದುಗಳೂ ಹೌದು, ನನಗೆ ಇಷ್ಟಾನಿಷ್ಟಗಳಿವೆ. ಆ ಇಷ್ಟಾನಿಷ್ಟಗಳನ್ನು ಗ್ರಂಥಾಲಯದೊಳಗೆ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದೇ ಇಂದಿನ ಮಾತು.

ಮೊದಲು ನನ್ನ ಅಭಿರುಚಿಯನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನನಗೆ ನಿಧಾನವಾಗಿ ಸಾಗುವ ಕಾದಂಬರಿಗಳು ಇಷ್ಟ. ಒಂದು ಕಸುಬನ್ನು, ಒಂದು ಊರಿನ ಮಳೆಗಾಲವನ್ನು, ಒಂದು ಮನೆಯ ಅಡುಗೆಮನೆಯನ್ನು ಅವಸರವಿಲ್ಲದೆ ಕಟ್ಟಿಕೊಡುವ ಬರವಣಿಗೆಯಲ್ಲಿ ಕಥೆ ಮುಂದಕ್ಕೆ ಹೋಗದಿದ್ದರೂ ನನಗೆ ಬೇಸರವಾಗುವುದಿಲ್ಲ. ಮಲೆನಾಡಿನವಳಾದ ನನಗೆ 1967ರಲ್ಲಿ ಪ್ರಕಟವಾದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಮಳೆಗಾಲ ಬಂದಾಗಲೆಲ್ಲ ಎಲ್ಲಿಂದ ಬೇಕಾದರೂ ತೆರೆದು ಓದಬಹುದಾದ ಪುಸ್ತಕ. ಸಾಹಿತಿಗಳಲ್ಲದವರು ಬರೆದ ಆತ್ಮಕಥೆಗಳೂ ನನಗೆ ಪ್ರಿಯ. ಇನ್ನು ಇಷ್ಟವಾಗದವುಗಳ ಮಾತು. ಪತ್ತೇದಾರಿ ಕಾದಂಬರಿಗಳು ನನ್ನನ್ನು ಹಿಡಿದು ಕೂರಿಸುವುದಿಲ್ಲ. ಬದುಕನ್ನು ಗೆಲ್ಲುವ ಸೂತ್ರಗಳನ್ನು ಹೇಳುವ ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಓದಲು ನನ್ನಿಂದ ಆಗುವುದಿಲ್ಲ. ಐತಿಹಾಸಿಕ ಕಾದಂಬರಿಗಳಲ್ಲಿ ಪಾತ್ರಗಳು ಪುಟಗಟ್ಟಲೆ ಭಾಷಣ ಮಾಡತೊಡಗಿದರೆ ನಾನು ಪುಟ ಹಾರಿಸುತ್ತೇನೆ.

ಆದರೆ ಎರವಲು ವಿಭಾಗದ ಮೇಜಿನ ಹಿಂದೆ ಕುಳಿತಾಗ ಈ ಪಟ್ಟಿಗೆ ಬೆಲೆಯಿಲ್ಲ. ಇದಕ್ಕೆ ಕಾರಣ ಸರಳವಾಗಿದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಆಸ್ತಿ ತೆರಿಗೆಯ ಜೊತೆಗೆ ಶೇಕಡ 6ರಷ್ಟು ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಪತ್ತೇದಾರಿ ಕಾದಂಬರಿ ಓದುವ ಬೇಕರಿಯವರೂ, ವ್ಯಕ್ತಿತ್ವ ವಿಕಸನದ ಪುಸ್ತಕ ಕೇಳುವ ಮೊಬೈಲ್ ಅಂಗಡಿಯ ಹುಡುಗನ ಮನೆಯವರೂ ಆ ಕರ ಕಟ್ಟಿದ್ದಾರೆ. ಅವರು ಕಟ್ಟಿದ ಹಣದಲ್ಲಿ ಬಂದ ಪುಸ್ತಕವನ್ನು ಅವರಿಗೆ ಕೊಡುವಾಗ ನನ್ನ ಮುಖದಲ್ಲಿ ತಿರಸ್ಕಾರದ ಗೆರೆಯೂ ಮೂಡಬಾರದು. ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂದೂ, ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂದೂ ಹೇಳುತ್ತವೆ. ಇವೆರಡರ ನಡುವೆ ಎಲ್ಲಿಯೂ ಗ್ರಂಥಪಾಲಕರ ಇಷ್ಟದ ಪುಸ್ತಕಕ್ಕೆ ಜಾಗವಿಲ್ಲ.

ನಮ್ಮಂಥ ಗ್ರಂಥಾಲಯಕ್ಕೆ ಬರುವ ಬಹುಪಾಲು ಪುಸ್ತಕಗಳನ್ನು ಆಯ್ಕೆ ಸಮಿತಿಗಳು ಆರಿಸಿ ಕಳುಹಿಸುತ್ತವೆ. ನನ್ನ ಕೈಯಲ್ಲಿ ಉಳಿಯುವುದು ಚಿಕ್ಕ ಚಿಕ್ಕ ನಿರ್ಧಾರಗಳು: ಯಾವ ಪುಸ್ತಕ ಕಣ್ಣಿನ ಮಟ್ಟದ ಅರೆಯಲ್ಲಿರಬೇಕು, ಯಾವುದು ನೆಲದ ಹತ್ತಿರದ ಅರೆಗೆ ಇಳಿಯಬೇಕು, ಹೊಸ ಪುಸ್ತಕಗಳ ಮೇಜಿನ ಮೇಲೆ ಯಾವುದರ ಮುಖಪುಟ ಕಾಣುವಂತಿರಬೇಕು. ಇವು ಚಿಕ್ಕವೆನಿಸಿದರೂ ಓದುಗರ ದೃಷ್ಟಿಯಲ್ಲಿ ದೊಡ್ಡವು. ಬಗ್ಗಿ ನೋಡಲಾಗದ ವಯಸ್ಸಿನವರ ಪಾಲಿಗೆ ನೆಲದ ಅರೆಯ ಪುಸ್ತಕ ಗ್ರಂಥಾಲಯದಲ್ಲಿ ಇಲ್ಲದ ಹಾಗೆಯೇ. ಅದಕ್ಕಾಗಿ ಅರೆಗಳನ್ನು ನಾನು ಆಗಾಗ ಮೇಲು ಕೆಳಗು ಮಾಡುತ್ತಿರುತ್ತೇನೆ.

ಇದಕ್ಕಿಂತಲೂ ಎಚ್ಚರ ಬೇಕಾಗುವುದು "ಯಾವ್ದಾದ್ರೂ ಒಳ್ಳೇ ಪುಸ್ತಕ ಇದ್ರೆ ಕೊಡಿ ಮೇಡಂ" ಎಂಬ ಪ್ರಶ್ನೆ ಬಂದಾಗ. ನಿಮಗೆ ಯಾವುದು ಇಷ್ಟ ಎಂದು ನಾನು ತಿರುಗಿ ಕೇಳುವುದಿಲ್ಲ, ಏಕೆಂದರೆ ಆ ಪ್ರಶ್ನೆಗೆ ಜನ ಗೌರವದ ಉತ್ತರವನ್ನು ಕೊಡುತ್ತಾರೆ. ಶಾಲೆಯಲ್ಲಿ ಕೇಳಿದ ದೊಡ್ಡ ಹೆಸರುಗಳನ್ನು ಹೇಳುತ್ತಾರೆ. ನಾನು ಕೇಳುವುದು ಬೇರೆ: ಈಚೆಗೆ ಯಾವ ಪುಸ್ತಕವನ್ನು ಅರ್ಧಕ್ಕೇ ಬಿಟ್ಟಿರಿ, ಯಾಕೆ ಬಿಟ್ಟಿರಿ? ಈ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ನಿಜವಾದ ಅಭಿರುಚಿ ಕಾಣುತ್ತದೆ. ಅಕ್ಷರ ಸಣ್ಣದಿತ್ತು ಎನ್ನುತ್ತಾರೆ ಒಬ್ಬರು. ಹೆಸರುಗಳು ನೆನಪಿನಲ್ಲಿ ನಿಲ್ಲಲಿಲ್ಲ ಎನ್ನುತ್ತಾರೆ ಇನ್ನೊಬ್ಬರು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿಯೆಲ್ಲ ಸುಲಿಯುವ ಕೆಲಸವಿದ್ದುದರಿಂದ ಉದ್ದದ ಕಾದಂಬರಿಯ ಎಳೆ ತಪ್ಪಿಹೋಯಿತು, ಈಗ ಹತ್ತು ಪುಟದ ಕಥೆಗಳಿದ್ದರೆ ಸಾಕು ಎಂದರು ಒಬ್ಬ ಬೆಳೆಗಾರರು. ಗಂಡನನ್ನು ಕಳೆದುಕೊಂಡಿದ್ದ ಒಬ್ಬ ಅಮ್ಮ, "ಯಾರೂ ಸಾಯದಂಥ ಕಾದಂಬರಿ ಇದ್ಯೇನಮ್ಮ?" ಎಂದು ಕೇಳಿದ್ದರು. ಆ ದಿನ ನಾನು ಪುಸ್ತಕಗಳನ್ನು ತಿರುವಿ ತಿರುವಿ, ಕೊನೆಯ ಅಧ್ಯಾಯಗಳನ್ನು ನೋಡಿ ನೋಡಿ, ಒಂದು ಪ್ರವಾಸ ಕಥನವನ್ನು ಕೊಟ್ಟೆ. ಕಥೆಯೊಳಗೆ ಸಾವಿಲ್ಲದ ಕನ್ನಡ ಕಾದಂಬರಿಗಳನ್ನು ಹುಡುಕುವುದು ಎಷ್ಟು ಕಷ್ಟವೆಂದು ನೀವೂ ಒಮ್ಮೆ ಯೋಚಿಸಿ ನೋಡಿ.

ಈಗ ಪರದೆಯ ಮೇಲಿರುವುದು ಪುಸ್ತಕದ ಕೊನೆಗೆ ಅಂಟಿಸಿರುವ ದಿನಾಂಕದ ಚೀಟಿ. ನೇರಳೆ ಶಾಯಿಯ ಮುದ್ರೆಗಳು ಸಾಲಾಗಿ ಬಿದ್ದಿರುವ ಚೀಟಿಗಳಲ್ಲಿ ಒಂದು ಊರಿನ ಓದಿನ ಚರಿತ್ರೆ ಇದೆ. ವಾರಪತ್ರಿಕೆಗಳ ಧಾರಾವಾಹಿಗಳನ್ನು ಕಾದು ಓದುತ್ತ, ದಿನಕ್ಕೆ ಇಷ್ಟು ಪೈಸೆ ಎಂದು ಬಾಡಿಗೆ ಕೊಟ್ಟು ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಕಾದಂಬರಿ ತರುತ್ತ ಬೆಳೆದ ತಲೆಮಾರಿನ ಹೆಣ್ಣುಮಕ್ಕಳು ಈಗ ಅರವತ್ತು ದಾಟಿದ್ದಾರೆ. ಸಾಂಸಾರಿಕ ಕಾದಂಬರಿಗಳ ಚೀಟಿಗಳು ತುಂಬಿ ಎರಡನೆಯ ಚೀಟಿ ಅಂಟಿಸಬೇಕಾಗಿ ಬಂದಿರುವುದು ಅವರಿಂದ. ಇನ್ನು ಕೆಲವು ಪುಸ್ತಕಗಳ ಚೀಟಿ ಖಾಲಿ. ಖಾಲಿ ಚೀಟಿಯ ಪುಸ್ತಕವನ್ನು ಕಪಾಟಿನಿಂದ ತೆಗೆಯಬೇಕೆಂಬ ಸಲಹೆಯನ್ನು ನಾನು ಸುಲಭವಾಗಿ ಒಪ್ಪುವುದಿಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್' ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದಾಗ, ಅದುವರೆಗೆ ಹೆಚ್ಚು ಮುದ್ರೆ ಬೀಳದೆ ನಿಂತಿದ್ದ ಅವರ ಹಳೆಯ ಕಥಾಸಂಕಲನವೊಂದನ್ನು ಕೇಳಿಕೊಂಡು ಜನ ಬರತೊಡಗಿದರು. ಆ ಪುಸ್ತಕ ಕಪಾಟಿನಲ್ಲಿ ಇದ್ದುದರಿಂದಲೇ ಕೊಡಲು ಸಾಧ್ಯವಾಯಿತು. ಪ್ರಶಸ್ತಿ ಹುಟ್ಟಿಸಿದ ಆಸಕ್ತಿ ಬಹುಕಾಲ ನಿಲ್ಲುವುದಿಲ್ಲವೆಂದು ಹೇಳುವವರಿದ್ದಾರೆ. ನಿಲ್ಲದಿದ್ದರೂ, ಆ ನೆಪದಲ್ಲಿ ಬಂದವರಲ್ಲಿ ಕೆಲವರು ಲೇಖಕಿಯ ಬೇರೆ ಕಥೆಗಳನ್ನು ಕೇಳಿದರು ಎಂಬುದು ನನಗೆ ಮುಖ್ಯ.

ಇಲ್ಲಿಂದ ಪುಸ್ತಕ ಚರ್ಚೆಯ ಕಡೆಗೆ ಬರುತ್ತೇನೆ. ನಮ್ಮ ಗ್ರಂಥಾಲಯ ಭಾನುವಾರವೂ ತೆರೆದಿರುತ್ತದೆಯಾದ್ದರಿಂದ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಮಕ್ಕಳ ವಿಭಾಗದ ಮೇಜುಗಳನ್ನು ಸರಿಸಿ ಎಲ್ಲರೂ ಸುತ್ತ ಕೂರುತ್ತೇವೆ. ಸೇರಿ ಓದುವುದು ನಮ್ಮ ನಾಡಿಗೆ ಹೊಸದಲ್ಲ. ಒಬ್ಬರೇ ಮೌನವಾಗಿ ಓದುವುದೇ ಈಚಿನದು. ಗಮಕಿಗಳು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ವಾಚಿಸಿ, ವ್ಯಾಖ್ಯಾನಕಾರರು ಅರ್ಥ ಬಿಡಿಸಿ ಹೇಳುತ್ತಿದ್ದಾಗ ಅಕ್ಷರ ಬಾರದವರೂ ಕಾವ್ಯದ ಓದುಗರಾಗಿದ್ದರು; ಶಿವಮೊಗ್ಗದ ಬಳಿಯ ಮತ್ತೂರು, ಹೊಸಹಳ್ಳಿಗಳಲ್ಲಿ ಆ ಪರಂಪರೆ ಇಂದಿಗೂ ಇದೆ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಪುಸ್ತಕಗಳನ್ನು ಕಳುಹಿಸುತ್ತಿತ್ತು. ಅದರ ಅಟ್ಟದಲ್ಲಿ ನಡೆಯುತ್ತಿದ್ದ ಮಾತುಕತೆ ಕನ್ನಡ ಸಾಹಿತ್ಯ ಚರಿತ್ರೆಯ ಭಾಗವೇ ಆಗಿದೆ. ನಮ್ಮ ಸೀಮೆಯ ಹೆಗ್ಗೋಡಿನಲ್ಲಿ ನೀನಾಸಂ ನಡೆಸುತ್ತ ಬಂದ ಸಂಸ್ಕೃತಿ ಶಿಬಿರಗಳಲ್ಲಿ ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಕುಳಿತು ಚರ್ಚಿಸುವುದನ್ನು ಕಂಡವರು ನಮ್ಮ ಗುಂಪಿನಲ್ಲಿದ್ದಾರೆ. ನಮ್ಮದು ಅಷ್ಟು ದೊಡ್ಡದಲ್ಲ. ಆದರೂ ಮೊದಲು ಎರಡು ಪುಟ ಗಟ್ಟಿಯಾಗಿ ಓದಿ, ಆಮೇಲೆ ಮಾತಿಗೆ ತೊಡಗುವ ಕ್ರಮವನ್ನು ನಾವು ಗಮಕದಿಂದಲೇ ಪಡೆದೆವು. ಪುಸ್ತಕ ಓದಿ ಬರಲಾಗದವರೂ ಆ ಎರಡು ಪುಟಗಳ ಮೇಲೆ ಮಾತಾಡಬಹುದು.

ಚರ್ಚೆಯಲ್ಲಿ ನಾನು ನನ್ನ ಅಭಿರುಚಿಯನ್ನು ಮುಚ್ಚಿಡುವುದಿಲ್ಲ. ಎರವಲು ಮೇಜಿನಲ್ಲಿ ಮೌನ, ಚರ್ಚೆಯಲ್ಲಿ ಮಾತು. ಇದು ನಾನು ಯೋಚಿಸಿ ಇಟ್ಟುಕೊಂಡ ಕ್ರಮ. ಗ್ರಂಥಪಾಲಕಿ ಯಾವ ಅಭಿಪ್ರಾಯವನ್ನೂ ಹೇಳದೆ ನಗುತ್ತ ಕುಳಿತರೆ, ಸರಿಯಾದ ಉತ್ತರವೊಂದು ಆಕೆಯ ಬಳಿ ಇದೆ, ಅದನ್ನು ಕೊನೆಗೆ ಹೇಳುತ್ತಾಳೆ ಎಂದು ಜನ ಭಾವಿಸುತ್ತಾರೆ. ಪ್ರತಿ ಮಾತಿನ ನಂತರ ಆಕೆಯ ಮುಖ ನೋಡುತ್ತಾರೆ. ಅದರ ಬದಲು ಈ ಪುಸ್ತಕದ ಇಂಥ ಭಾಗ ನನಗೆ ಹಿಡಿಸಲಿಲ್ಲ, ಇಂಥ ಕಾರಣಕ್ಕೆ ಹಿಡಿಸಲಿಲ್ಲ ಎಂದು ನಾನು ಆರಂಭದಲ್ಲೇ ಹೇಳಿದರೆ, ಅದೂ ಹಲವರಲ್ಲಿ ಒಬ್ಬರ ಅಭಿಪ್ರಾಯವಾಗುತ್ತದೆ ಮತ್ತು ಅದನ್ನು ಅಲ್ಲಗಳೆಯಲು ಉಳಿದವರಿಗೆ ಧೈರ್ಯ ಬರುತ್ತದೆ. ಅಲ್ಲಗಳೆಯುವವರು ಹುಟ್ಟದೆ ಚರ್ಚೆ ಹುಟ್ಟುವುದಿಲ್ಲ.

ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯನ್ನು ಓದಿದ ಭಾನುವಾರ ಇದಕ್ಕೆ ಒಳ್ಳೆಯ ಉದಾಹರಣೆ. 1980ರ ಆ ಕಾದಂಬರಿಯ ಹಾರುವ ಓತಿಯ ಹುಡುಕಾಟ, ಅದರ ಹಿಂದಿರುವ ಕಾಲದ ಅಗಾಧತೆ ನನಗೆ ಮುಖ್ಯವೆಂದೂ, ಮಂದಣ್ಣನ ಸಂಸಾರದ ಪ್ರಸಂಗಗಳು ಅಲ್ಲಲ್ಲಿ ಉದ್ದವಾದವೆಂದೂ ನಾನು ಹೇಳಿದೆ. ಜೇನುಪೆಟ್ಟಿಗೆ ಇಟ್ಟುಕೊಂಡಿರುವ ಒಬ್ಬ ಬೆಳೆಗಾರರು ಕೂಡಲೇ ತಡೆದರು. "ಮೇಡಂ, ಮಂದಣ್ಣನ್ನ ತೆಗೆದ್ರೆ ಆ ಓತಿ ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ" ಎಂದರು. ವಿಜ್ಞಾನಿಗೆ ಪುಸ್ತಕದ ಜ್ಞಾನವಿರಬಹುದು, ಆದರೆ ಕಾಡಿನಲ್ಲಿ ಸುಮ್ಮನೆ ಅಲೆದಾಡುವ, ಊರಿನವರು ಕೆಲಸಕ್ಕೆ ಬಾರದವನೆಂದು ತಳ್ಳಿದ ಮನುಷ್ಯನ ಕಣ್ಣಿಗೇ ಅದು ಕಂಡಿತು. ಅವನ ಸಂಸಾರದ ತಾಪತ್ರಯಗಳನ್ನು ಓದಿಸದಿದ್ದರೆ ಅವನನ್ನು ನಾವೂ ಊರಿನವರ ಹಾಗೆಯೇ ತಳ್ಳುತ್ತಿದ್ದೆವು ಎಂಬುದು ಅವರ ವಾದವಾಗಿತ್ತು. ಅವರು ವಿಮರ್ಶೆಯ ಪುಸ್ತಕಗಳನ್ನು ಓದಿದವರಲ್ಲ. ಆದರೆ ಆ ಕಾದಂಬರಿಯ ರಚನೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ಮಾತುಗಳಲ್ಲಿ ಅದೂ ಒಂದು.

ಇನ್ನೊಮ್ಮೆ ತ್ರಿವೇಣಿಯವರ 'ಶರಪಂಜರ' ಆಯ್ಕೆಯಾಯಿತು. ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಒಳಗಾಗಿ, ಚಿಕಿತ್ಸೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯೂ ನೆರೆಹೊರೆಯೂ ಮತ್ತೆ ಒಳಗೊಳ್ಳಲಾರದ ಕಥೆ ಅದು. 1971ರ ಚಲನಚಿತ್ರದಿಂದಾಗಿ ಓದದವರಿಗೂ ಪರಿಚಿತ. ಅದು ಹೆಂಗಸರು ಓದುವ ಕಾದಂಬರಿ ಎಂದು ಹಿಂದೇಟು ಹಾಕಿದ್ದ ನಿವೃತ್ತ ಮೇಷ್ಟ್ರು ಕೊನೆಗೂ ಓದಿ ಬಂದಿದ್ದರು. ಚರ್ಚೆಯ ದಿಕ್ಕನ್ನು ಬದಲಿಸಿದವಳು ನರ್ಸಿಂಗ್ ಓದುತ್ತಿರುವ ಒಬ್ಬ ಹುಡುಗಿ. ಬಾಣಂತಿಯರಲ್ಲಿ ಕಾಣಿಸಿಕೊಳ್ಳುವ ಇಂಥ ಕಾಯಿಲೆ ತಮ್ಮ ಪಾಠದಲ್ಲಿ ಇದೆಯೆಂದೂ, ಅದಕ್ಕೆ ಚಿಕಿತ್ಸೆ ಇದೆಯೆಂದೂ, ಆದರೆ ಗುಣವಾದ ಮೇಲೆ ಮನೆಯವರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಈ ಕಾದಂಬರಿಯಷ್ಟು ಸ್ಪಷ್ಟವಾಗಿ ತನಗೆ ಯಾವ ಪಾಠವೂ ತಿಳಿಸಲಿಲ್ಲವೆಂದೂ ಅವಳು ಹೇಳಿದಳು. ತ್ರಿವೇಣಿಯವರು ಮನಶ್ಶಾಸ್ತ್ರ ಓದಿದವರು ಎಂಬುದನ್ನು ನಾನು ಸೇರಿಸಿದೆ. ಆಮೇಲೆ ಹಿರಿಯ ಹೆಂಗಸರು ತಾವು ಕಂಡ ಬಾಣಂತಿಯರ ವಿಷಯ ಹೇಳತೊಡಗಿದರು. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮೇಷ್ಟ್ರು ಹೆಚ್ಚು ಮಾತಾಡಲಿಲ್ಲ, ಆದರೆ ಹೋಗುವಾಗ ತ್ರಿವೇಣಿಯವರದೇ ಇನ್ನೊಂದು ಪುಸ್ತಕವನ್ನು ತಮ್ಮ ಕಾರ್ಡಿನಲ್ಲಿ ಬರೆಸಿಕೊಂಡರು.

ಈ ಚರ್ಚೆಗಳಿಂದ ನನ್ನ ಅಭಿರುಚಿ ತಲೆಕೆಳಗಾಗಿದೆ ಎಂದು ಹೇಳಲಾರೆ. ನಿಧಾನದ ಕಾದಂಬರಿಯೇ ಇಂದಿಗೂ ನನಗೆ ಪ್ರಿಯ. ಆದರೆ ಯಾವ ಪುಸ್ತಕವನ್ನು ಯಾರಿಗೆ ಕೊಡಬಹುದೆಂಬ ತಿಳಿವಳಿಕೆ ಅಲ್ಲಿ ಬೆಳೆಯುತ್ತದೆ. ಅದು ಎರವಲು ಮೇಜಿಗೆ ಹಿಂತಿರುಗಿದಾಗ ಉಪಯೋಗಕ್ಕೆ ಬರುತ್ತದೆ.

ಚರ್ಚೆಗೆ ಬಾರದವರ ವಿಷಯವನ್ನೂ ಹೇಳಬೇಕು. ವಾಚನಾಲಯದ ಕುರ್ಚಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಯುವಕ ಯುವತಿಯರಿದ್ದಾರೆ. ಅವರ ಓದಿಗೆ ಗಡುವಿದೆ, ಅಭಿರುಚಿಯ ಮಾತಿಗೆ ಅವರು ಬರಬೇಕೆಂದು ನಾನು ಒತ್ತಾಯಿಸುವುದಿಲ್ಲ. ತಾವು ಓದುವುದನ್ನು ಯಾರಿಗೂ ತೋರಿಸಲು ಬಯಸದ ಓದುಗರೂ ಇದ್ದಾರೆ. ಪ್ರೇಮ ಕಾದಂಬರಿಗೆ ಪತ್ರಿಕೆಯ ಹೊದಿಕೆ ಹಾಕಿಕೊಂಡು ಒಯ್ಯುವ ನಡುವಯಸ್ಸಿನ ಒಬ್ಬರಿಗೆ ಆ ಗುಟ್ಟು ಬೇಕು, ಅದನ್ನು ಕಾಪಾಡುವುದು ನನ್ನ ಕೆಲಸ. ಯಾರು ಯಾವ ಪುಸ್ತಕ ಒಯ್ದರೆಂಬುದನ್ನು ನಾನು ಚರ್ಚೆಯಲ್ಲಿ ಎಂದೂ ಎತ್ತುವುದಿಲ್ಲ. "ಅದೇ ಲೇಖಕರನ್ನು ನೀವು ಹೋದ ತಿಂಗಳು ಓದಿದಿರಲ್ಲವೇ" ಎಂಬ ಮಾತು ಎಷ್ಟೇ ಪ್ರೀತಿಯಿಂದ ಬಂದರೂ ನಾಲ್ಕು ಜನರ ನಡುವೆ ಓದುಗರನ್ನು ಕುಗ್ಗಿಸಬಹುದು. ಅವರಾಗಿಯೇ ಹೇಳಿದರೆ ಕೇಳುತ್ತೇನೆ.

ಚರ್ಚೆಗೆ ಪುಸ್ತಕ ಆರಿಸುವಾಗ ನಮಗೆ ಎದುರಾಗುವ ದೊಡ್ಡ ತೊಡಕು ಅಭಿರುಚಿಯದಲ್ಲ, ಪ್ರತಿಗಳದು. ಒಂದು ಪುಸ್ತಕದ ಒಂದೋ ಎರಡೋ ಪ್ರತಿಗಳು ಮಾತ್ರ ಇರುತ್ತವೆ. ಅದು ಒಬ್ಬರಿಂದೊಬ್ಬರಿಗೆ ಹೋಗಿ ಬರುವಷ್ಟರಲ್ಲಿ ತಿಂಗಳು ಮುಗಿಯುತ್ತದೆ. ಆದ್ದರಿಂದ ಮುಂದಿನ ಬಾರಿ ಕಾದಂಬರಿ ಬೇಡವೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದೇವೆ. ಬಾನು ಮುಷ್ತಾಕ್ ಅವರ ಹಳೆಯ ಸಂಕಲನದಿಂದ ಒಂದು ಕಥೆಯನ್ನು ಆ ನರ್ಸಿಂಗ್ ವಿದ್ಯಾರ್ಥಿನಿಯೂ ಮೇಷ್ಟ್ರೂ ಸರದಿಯಂತೆ ಪೂರ್ತಿಯಾಗಿ ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತೇವೆ, ಚರ್ಚೆ ಅಲ್ಲಿಂದಲೇ ಆರಂಭವಾಗುತ್ತದೆ. ಯಾವ ಕಥೆ ಎಂಬುದನ್ನು ಈ ಬಾರಿ ನಾನು ಆರಿಸುತ್ತಿಲ್ಲ. ಆ ಸಂಕಲನವನ್ನು ಪ್ರಶಸ್ತಿಗಿಂತ ಬಹಳ ಮೊದಲೇ ಒಯ್ದು ಓದಿದ್ದೆನೆಂದು ತಾವಾಗಿಯೇ ಹೇಳಿಕೊಂಡ ಹಿರಿಯ ಓದುಗರೊಬ್ಬರಿಗೆ ಆ ಆಯ್ಕೆಯನ್ನು ಬಿಟ್ಟಿದ್ದೇವೆ.