ಹಲಸಿನ ವಯಸ್ಸು ಎಣಿಸಲು ಹೋಗಿ

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲ ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಗಾಳಿಗೆ ಒಂದು ಹಲಸಿನ ಮರ ಬಿತ್ತು. ದಿಮ್ಮಿ ಕೊಯ್ಸಿದ ಮೇಲೆ, ವರ್ಷಕ್ಕೊಂದು ಉಂಗುರ ಅಂತಾರಲ್ಲ, ಅದನ್ನು ಎಣಿಸಿ ವಯಸ್ಸು ತಿಳಿಯೋಣ ಅಂತ ಬುಡದ ಮುಂದೆ ಕೂತೆ. ಹಳದಿ ಚೇಗಿನ ಮೇಲೆ ಬೆರಳಿಟ್ಟು ಎಣಿಸಿದರೆ ಒಮ್ಮೆ 40 ಬಂತು, ಇನ್ನೊಮ್ಮೆ 56. ನೆಟ್ಟವರು ನಮ್ಮಜ್ಜ. ಅವರು ತೀರಿಕೊಂಡೇ 60 ವರ್ಷ ಆಯ್ತು!

ಮರದ ತೊಗಟೆಯ ಒಳಗೆ, ಕಟ್ಟಿಗೆಗೆ ಅಂಟಿಕೊಂಡಂತೆ ಒಂದು ತೆಳು ಪದರ ಇರುತ್ತದೆ. ಕ್ಯಾಂಬಿಯಂ ಅಂತ ಹೆಸರು. ಹಸಿ ಕೊಂಬೆಯ ತೊಗಟೆ ಸುಲಿದರೆ ಕೈಗೆ ಜಾರುತ್ತದಲ್ವಾ, ಅದೇ ಜಾಗ. ಮರ ದಪ್ಪ ಆಗುವುದು ಅಲ್ಲಿಂದ. ಆ ಪದರ ಒಳಗಡೆಗೆ ಕಟ್ಟಿಗೆ ಕಟ್ಟುತ್ತದೆ, ಹೊರಗಡೆಗೆ ತೊಗಟೆ.

ಉಂಗುರ ಮೂಡಬೇಕಾದರೆ ಈ ಪದರ ವರ್ಷಕ್ಕೊಮ್ಮೆ ಸುಮ್ನೆ ಕೂರಬೇಕು. ಹಿಮ ಬೀಳುವ ದೇಶಗಳಲ್ಲಿ ಚಳಿ ಅದನ್ನು ಕೂರಿಸುತ್ತದೆ. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಇಲ್ಲಿ ಆ ಕೆಲಸ ಬೇಸಿಗೆಯದು. ಸಾಗುವಾನಿ ನೋಡಿ. ಬೇಸಿಗೆಗೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಮಳೆ ಹಿಡಿದು ಚಿಗುರಿತೋ, ನೀರು ಮೇಲೇರಿಸಲು ದೊಡ್ಡ ಕೊಳವೆ ಕಟ್ಟುತ್ತದೆ. ಮಳೆ ಇಳಿಯುತ್ತಾ ಬಂದ ಹಾಗೆ ಕೊಳವೆ ಸಣ್ಣ, ಕಟ್ಟಿಗೆ ಗಟ್ಟಿ. ಮರುವರ್ಷ ಆ ಗಟ್ಟಿ ಅಂಚಿಗೆ ತಾಗಿ ಮತ್ತೆ ದೊಡ್ಡ ಕೊಳವೆಗಳ ಸಾಲು. ಆ ಗಡಿಯೇ ನಮಗೆ ಕಾಣುವ ಗೆರೆ. ನಯ ಮಾಡಿದ ಸಾಗುವಾನಿ ಬುಡಕ್ಕೆ ಒದ್ದೆ ಬಟ್ಟೆ ಒರೆಸಿ ನೋಡಿ, ಸೂಜಿ ಚುಚ್ಚಿದಂಥ ತೂತುಗಳು ಸಾಲಾಗಿ ಕಾಣುತ್ತವೆ.

ಹಲಸು ಹಾಗೆ ಬೋಳಾಗುವ ಮರವೇ ಅಲ್ಲ. ವರ್ಷವಿಡೀ ಹಸಿರು. ಗೆರೆ ಇದ್ದರೂ ಮಸುಕು.

ಹಾಗಂತ ಸಾಗುವಾನಿಯನ್ನೂ ಕಣ್ಮುಚ್ಚಿ ನಂಬುವ ಹಾಗಿಲ್ಲ. ಮೊದಲ ಮಳೆಗೆ ಚಿಗುರಿ, ಆಮೇಲೆ ಮಳೆ ಕೈಕೊಟ್ಟರೆ ಒಂದೇ ವರ್ಷದಲ್ಲಿ ಎರಡು ಗೆರೆ ಬೀಳಬಹುದು. ಅದಕ್ಕೇ ವಿಜ್ಞಾನಿಗಳು ಹತ್ತಾರು ಮರಗಳ ಗೆರೆಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತಾರೆ. ಮರ ಕಡಿಯುವುದೂ ಬೇಡ, ಪೆನ್ಸಿಲ್‌ಗಿಂತ ಸಣ್ಣ ಕಡ್ಡಿಯೊಂದನ್ನು ಕೊರೆದು ತೆಗೆದರೆ ಸಾಕು. ಅಮೆರಿಕದ ಡಗ್ಲಸ್ ಎಂಬ ಖಗೋಳ ವಿಜ್ಞಾನಿ ಸೂರ್ಯನ ಕಲೆಗಳ ಏರಿಳಿತದ ಗುರುತು ಮರದಲ್ಲಿ ಸಿಗಬಹುದೇ ಅಂತ ಹುಡುಕಲು ಹೊರಟವರು. ಕೊನೆಗೆ 1929ರಲ್ಲಿ ಹಳೇ ಮನೆಗಳ ತೊಲೆ ನೋಡಿ, ಅವು ಯಾವ ವರ್ಷ ಕಡಿದ ಮರ ಅಂತ ಹೇಳಿಬಿಟ್ಟರು!

ಇಷ್ಟೆಲ್ಲ ಹೇಳಿದ ಮೇಲೆ ಮಗಳು ಕೇಳಿದಳು, "ಅಪ್ಪಯ್ಯ, ಅಡಿಕೆ ಮರಕ್ಕೆ ಉಂಗುರ ಹೊರಗೇ ಇದೆಯಲ್ಲ?"

ಅವು ಹಾಳೆ ಬಿದ್ದ ಗುರುತು. ಒಂದು ಹಾಳೆಗೆ ಒಂದು, ವರ್ಷಕ್ಕೆ ಒಂದಲ್ಲ. ಅಡಿಕೆಗೆ ಕ್ಯಾಂಬಿಯಮ್ಮೇ ಇಲ್ಲ. ಒಳಗೆ ಕೊಯ್ದು ನೋಡಿದರೆ ಬರೀ ನಾರು.

ಅವಳು ಕೈಗೆಟುಕುವಷ್ಟು ಎಣಿಸಿ, ಬೇಜಾರಾಗಿ ಬಿಟ್ಟಳು. ಹಲಸಿನ ವಯಸ್ಸು ಇನ್ನೂ ಗೊತ್ತಾಗಿಲ್ಲ. ಅಟ್ಟದ ಮೇಲಿಂದ ಅಜ್ಜನ ಲೆಕ್ಕದ ಪುಸ್ತಕ ಇಳಿಸಬೇಕು.

ನಮಸ್ಕಾರ.