ನವಮಿಯಿಂದ ಭೂಮಿ ಹುಣ್ಣಿಮೆವರೆಗೆ ಮಗಳು ಮನೆಯಲ್ಲಿ

ಎಲ್ಲರಿಗೂ ನಮಸ್ಕಾರ. ಈ ವಿಡಿಯೋದಲ್ಲಿ ಮಾತು ನನ್ನದು, ಕೆಲಸ ಪೂರ್ತಿ ನನ್ನ ಮಗಳದ್ದು. ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ದಸರಾ ರಜೆಗೆ ಒಂದು ವಾರ ಮನೆಗೆ ಬಂದಿದ್ದಳು.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ನಾವು ದೀವರ ಸಮುದಾಯದವರು. ನಮ್ಮ ಕಡೆ ವಿಜಯದಶಮಿ ಆಗಿ ಐದು ದಿನಕ್ಕೆ ಬರುವ ಹುಣ್ಣಿಮೆಯೇ ದೊಡ್ಡ ಹಬ್ಬ. ಭೂಮಿ ಹುಣ್ಣಿಮೆ. ಆಯುಧ ಪೂಜೆ ದಿನ ಬಂದು, ಹುಣ್ಣಿಮೆ ಮುಗಿಸಿ ಹೊರಟರೆ ಸರಿಯಾಗಿ ಒಂದು ವಾರ ಆಗುತ್ತದೆ. ರಜೆ ಈ ಲೆಕ್ಕಕ್ಕೇ ಕೂಡಿ ಬಂದಿದ್ದಕ್ಕೆ ನನಗೆ ಎಷ್ಟು ಖುಷಿ ಆಯಿತು ಅಂದರೆ, ಟಿಕೆಟ್ ಆದ ದಿನದಿಂದಲೇ ಸೌತೆ ಚಪ್ಪರದಲ್ಲಿ ಬಲಿತ ಕಾಯಿಗಳನ್ನು ಯಾರಿಗೂ ಕೊಯ್ಯಲು ಬಿಡಲಿಲ್ಲ!

ಅವಳು ಬಂದಿದ್ದು ಮೈಸೂರಿನಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ಬರುವ ರಾತ್ರಿ ರೈಲಿನಲ್ಲಿ. ತಾಳಗುಪ್ಪವೇ ಕೊನೆ ಸ್ಟೇಷನ್, ಅಲ್ಲಿಂದ ಮುಂದೆ ಹಳಿ ಇಲ್ಲ. ನಾವು ಸಾಗರದಲ್ಲೇ ಕಾಯುತ್ತಿದ್ದೆವು. ಬೆಳಗಿನ ಚಳಿ ಇತ್ತು, ಪ್ಲಾಟ್‌ಫಾರ್ಮ್ ಒದ್ದೆ. ಇಳಿದವಳೇ ಅವರಪ್ಪನ ಕೈಗೆ ಬ್ಯಾಗ್ ಕೊಟ್ಟು ಕೇಳಿದ ಮೊದಲ ಮಾತು, "ಅಪ್ಪಾ, ಗದ್ದೆ ಹೊಡೆ ಬಂತಾ?" ಅಂತ. ಹೊಡೆ ಅಂದರೆ ಇನ್ನೂ ಎಲೆಯೊಳಗೇ ಇರುವ ಭತ್ತದ ತೆನೆ. ಅವರು ಮನೆ ಮುಟ್ಟುವವರೆಗೂ ಗದ್ದೆ ಸುದ್ದಿಯನ್ನೇ ಹೇಳುತ್ತಾ ಬಂದರು. ನಮ್ಮನೆಯವರು ಮಾತು ಕಡಿಮೆ. ಮಗಳ ಜೊತೆ ಮಾತ್ರ ಹೀಗೆ.

ಒಂದು ವಿಷಯ ಹೇಳಿಬಿಡುತ್ತೇನೆ. ಹಾಸ್ಟೆಲಿನಿಂದ ಮಕ್ಕಳು ಬಂದರೆ ಸುಮಾರು ಮನೆಗಳಲ್ಲಿ ಅವರನ್ನು ನೆಂಟರ ಹಾಗೆ ಕೂರಿಸುತ್ತಾರೆ. "ನೀನು ಸುಮ್ನೆ ಕೂತ್ಕೋ, ಮಲ್ಕೋ, ಇನ್ನೊಂದು ದೋಸೆ ಹಾಕ್ಲಾ" ಅನ್ನುವುದೇ ಆಗುತ್ತದೆ. ಪ್ರೀತಿ ಇರುವುದಕ್ಕೇ ಹಾಗೆ ಮಾಡುತ್ತಾರೆ, ಒಪ್ಪುತ್ತೇನೆ. ಆದರೆ ನನಗೆ ಅದು ಇಷ್ಟ ಇಲ್ಲ. ಮನೆ ಕೆಲಸದಲ್ಲಿ ಅವರಿಗೂ ಒಂದು ಪಾಲು ಇದ್ದರೆ ಇದು ಅವರ ಮನೆಯಾಗಿಯೇ ಇರುತ್ತದೆ. ಮೊದಲ ದಿನ ಚೆನ್ನಾಗಿ ನಿದ್ದೆ ಮಾಡಲು ಬಿಟ್ಟೆ. ಆಮೇಲೆ ಅವಳ ಪಾಲಿನ ಕೆಲಸ ಅವಳಿಗೆ. ಅವಳೂ ಅದನ್ನೇ ಕಾಯುತ್ತಿದ್ದಳು ಅನ್ನಿಸುತ್ತದೆ.

ಆಯುಧ ಪೂಜೆಯನ್ನು ಬೇಗ ತೋರಿಸಿಬಿಡುತ್ತೇನೆ. ಕತ್ತಿ, ಗುದ್ದಲಿ, ಪವರ್ ಟಿಲ್ಲರ್, ಸ್ಕೂಟರ್ ಎಲ್ಲಕ್ಕೂ ಚೆಂಡು ಹೂವು. ಅವಳ ಲ್ಯಾಪ್‌ಟಾಪ್‌ಗೂ ಅಜ್ಜಿ ಕುಂಕುಮ ಇಟ್ಟರು. 2025ರಲ್ಲಿ ವಿಜಯದಶಮಿ ಗಾಂಧಿ ಜಯಂತಿ ದಿನವೇ ಬಂದಿತ್ತು. ಪೇಟೆಯಲ್ಲಿ ರಶ್ ಇತ್ತು, ನಾವು ಮನೆಯಲ್ಲೇ ಇದ್ದೆವು.

ಮಾರನೇ ದಿನ ಸಿಗಂದೂರಿಗೆ ಹೋಗಿ ಬಂದೆವು. ಇದು ಅವಳದ್ದೇ ಹಟ. ದೇವಿ ದರ್ಶನ ಒಂದು ಕಡೆ, ಹೊಸ ಸೇತುವೆ ಇನ್ನೊಂದು ಕಡೆ. ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರಿನ ಮೇಲೆ ಕಟ್ಟಿದ ಈ ಸೇತುವೆ 2025ರ ಜುಲೈ 14ಕ್ಕೆ ಉದ್ಘಾಟನೆ ಆಯಿತು. ಉದ್ದ 2.44 ಕಿಲೋಮೀಟರ್. ಅವಳು ಚಿಕ್ಕವಳಿದ್ದಾಗ ನಾವು ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾದು ನಿಲ್ಲುತ್ತಿದ್ದೆವು. ಬಸ್ಸು, ಕಾರು, ಜನ ಎಲ್ಲ ಒಂದೇ ಲಾಂಚಿನಲ್ಲಿ. ಈಗ ಕಾರಿನಲ್ಲಿ ಕೂತೇ ದಾಟಿದೆವು. ಸೇತುವೆಯನ್ನು ಎಳೆದು ಹಿಡಿದಿರುವ ಕೇಬಲ್‌ಗಳನ್ನು ತೋರಿಸಿ, ಭಾರ ಕೇಬಲ್‌ನಿಂದ ಕಂಬಕ್ಕೆ, ಕಂಬದಿಂದ ನೀರಿನ ಅಡಿಯ ನೆಲಕ್ಕೆ ಹೇಗೆ ಇಳಿಯುತ್ತದೆ ಅಂತ ಅಜ್ಜಿಗೆ ಬಿಡಿಸಿ ಹೇಳಿದಳು. ಅಜ್ಜಿ ಕಣ್ಣು ಮಿಟುಕಿಸದೆ ಕೇಳಿದರು. ಈ ಹಿನ್ನೀರಿನ ಅಡಿಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೆ ಮುಳುಗಿದ ಊರುಗಳಿವೆ. ಅಜ್ಜಿ ಕೊನೆಗೆ ಕೇಳಿದ್ದು ಒಂದೇ. "ನೀನೂ ಹಿಂಗೆ ಜನಕ್ಕೆ ದಾರಿ ಆಗೋದು ಏನಾದ್ರೂ ಕಟ್ತೀಯ ಅಲ್ವಾ?" "ಕಟ್ತೀನಿ ಅಜ್ಜಿ" ಅಂದಳು. ಆ ಕ್ಲಿಪ್ಪನ್ನು ನಾನು ಎಡಿಟ್ ಮಾಡದೆ ಹಾಗೇ ಇಟ್ಟಿದ್ದೇನೆ.

ಈಗ ಬುಟ್ಟಿ. ಇದಕ್ಕಾಗಿಯೇ ಈ ವಿಡಿಯೋ ಮಾಡಿದ್ದು.

ಭೂಮಣ್ಣಿ ಬುಟ್ಟಿ ಅಂದರೆ ಹಬ್ಬದ ದಿನ ಗದ್ದೆಗೆ ಎಡೆ ತೆಗೆದುಕೊಂಡು ಹೋಗುವ ಬಿದಿರಿನ ಬುಟ್ಟಿ. ದೊಡ್ಡದೊಂದು, ಚಿಕ್ಕದೊಂದು. ಚಿಕ್ಕದು ಹಚ್ಚಂಬಲಿಗೆ, ಅಂದರೆ ಗದ್ದೆಗೆ ಬೀರುವ ಸೊಪ್ಪು ಕಲಸಿದ ಅನ್ನಕ್ಕೆ. ಮೊದಲು ಸಗಣಿ ಬಳಿದು ಒಣಗಿಸಬೇಕು, ಬಿದಿರಿನ ಸಂದು ಮುಚ್ಚಬೇಕಲ್ಲ. ಅದರ ಮೇಲೆ ಕೆಮ್ಮಣ್ಣು. ಅದು ಒಣಗಿದ ಮೇಲೆ ಚಿತ್ತಾರ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ ಬಣ್ಣ. ಕುಂಚ ಅಂಗಡಿಯದ್ದಲ್ಲ, ಪುಂಡಿ ಗಿಡದ ನಾರಿನದು. ನಾರಿನ ತುದಿಯನ್ನು ಜಜ್ಜಿ ಬಿಡಿಸಿ ಅಜ್ಜಿಯೇ ಮಾಡಿ ಇಟ್ಟಿದ್ದರು.

ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಿ. ಈಗ ಎಳೆಯುತ್ತಿದ್ದಾಳಲ್ಲ, ಆ ಗೆರೆ ನಿಮಗೆ ಸರಿಯಾಗಿ ಕಾಣುತ್ತಿಲ್ಲ. ಕ್ಯಾಮೆರಾ ತೊಂದರೆ ಅಲ್ಲ. ಅಕ್ಕಿ ಬಣ್ಣ ಹಸಿ ಇದ್ದಾಗ ಕೆಂಪಿನ ಮೇಲೆ ಮಸುಕಾಗಿ ಇರುತ್ತದೆ. ಒಣಗುತ್ತಾ ಬಂದ ಹಾಗೆ ಬೆಳ್ಳಗೆ ಎದ್ದು ಬರುತ್ತದೆ. ಅಂದರೆ ಎಳೆಯುವವರು ಕಣ್ಣನ್ನು ನಂಬಿ ಎಳೆಯಲು ಆಗುವುದಿಲ್ಲ, ಕೈಯನ್ನು ನಂಬಬೇಕು. ಅಜ್ಜಿ ಪಕ್ಕದಲ್ಲಿ ಕೂತು, "ಒತ್ತಬೇಡ ಮಗಾ, ನಾರು ತಾನೇ ಹೋಗ್ತದೆ" ಅನ್ನುತ್ತಿದ್ದರು. ಮೊದಲ ದಿನ ಏಣಿ, ನಿಲಿ ಅನ್ನುವ ಚಿತ್ತಾರಗಳು. ಆಮೇಲೆ ಜೋಗಿ ಜಡೆ. ಜೋಗಿ ಜಡೆ ಕಷ್ಟ. ಹೆಣೆದ ಹಾಗೆ ಒಂದು ಎಳೆ ಇನ್ನೊಂದರ ಅಡಿಗೆ ಹೋಗಿ ಮೇಲೆ ಬರಬೇಕು, ಬುಟ್ಟಿಯ ಸುತ್ತ ಬಂದು ಶುರುವಾದ ಜಾಗಕ್ಕೇ ಕೂಡಬೇಕು.

ಕಾಲೇಜಿನಲ್ಲಿ ಕಂಪ್ಯೂಟರ್ ಮೇಲೆ ಡ್ರಾಯಿಂಗ್ ಮಾಡುವ ಹುಡುಗಿ. ಬುಟ್ಟಿಯ ಬಾಯಿ ಅಗಲ, ಬುಡ ಕಿರಿದು. ಹಾಗಾಗಿ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಚಿತ್ತಾರದ ಮನೆಗಳ ಅಳತೆ ಬೇರೆ ಆಗುತ್ತದೆ ಅಂತ ದಾರ ಹಿಡಿದು ಅಳೆದಳು. ಅಜ್ಜಿ ಯಾವ ದಾರವೂ ಇಲ್ಲದೆ ಇನ್ನೊಂದು ಬುಟ್ಟಿ ಬರೆದರು, ಅಲ್ಲೂ ಕೂಡಿತು. ಇಬ್ಬರೂ ಬುಟ್ಟಿ ಅದಲು ಬದಲು ಮಾಡಿಕೊಂಡು ನೋಡುತ್ತಿದ್ದಾಗ ನಾನು ಬಾಗಿಲ ಹತ್ತಿರ ನಿಂತು ವಿಡಿಯೋ ತೆಗೆದೆ. ಅವಳ ಗೆರೆ ಈಗ ಎಷ್ಟು ನಿಧಾನ, ಎಷ್ಟು ಗಟ್ಟಿ ಆಗಿದೆ ನೋಡಿ. ನನ್ನ ಮಗಳು ದೊಡ್ಡವಳಾಗಿದ್ದಾಳೆ ಅನ್ನುವುದು ನನಗೆ ಫೋನಿನಲ್ಲಿ ಗೊತ್ತಾಗಿರಲಿಲ್ಲ. ಈ ಗೆರೆಯಲ್ಲಿ ಗೊತ್ತಾಯಿತು.

ಹೊರಗಿನವರಿಗೆ ಹಬ್ಬದ ಅರ್ಥ ಹೇಳಬೇಕು. ಈ ಹೊತ್ತಿಗೆ ಭತ್ತ ಹೊಡೆ ಒಡೆದು ಹಾಲುಗಟ್ಟುತ್ತಿರುತ್ತದೆ. ಅಂದರೆ ಭೂಮಿತಾಯಿ ಈಗ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ, ಆ ಊಟವೇ ಭೂಮಿ ಹುಣ್ಣಿಮೆ. ಉತ್ತರ ಕರ್ನಾಟಕದಲ್ಲಿ ಇದೇ ದಿನ ಸೀಗಿ ಹುಣ್ಣಿಮೆ ಮಾಡಿ ಹೊಲದಲ್ಲಿ ಚರಗ ಚೆಲ್ಲುತ್ತಾರೆ, ಅಂದರೆ ಎಡೆಯನ್ನು ಬೆಳೆಗೆ ಎರಚುತ್ತಾರೆ. ಮಗಳ ರೂಮ್‌ಮೇಟ್ ಗದಗ ಕಡೆಯವಳು. ಇಬ್ಬರೂ ವಿಡಿಯೋ ಕಾಲಿನಲ್ಲಿ ತಮ್ಮ ತಮ್ಮ ಬುತ್ತಿ ತೋರಿಸಿಕೊಂಡರು. ಆ ಹುಡುಗಿ ಶೇಂಗಾ ಹೋಳಿಗೆ ತೋರಿಸಿದಾಗ ಇವಳ ಮುಖ ನೋಡಬೇಕಿತ್ತು.

ಬಯಕೆ ಊಟಕ್ಕೆ ನೂರೊಂದು ಕುಡಿ ಬೇಕು ಅನ್ನುವುದು ಹಿರಿಯರ ಮಾತು. ಕುಂಬಳ ಕುಡಿ, ಹಾಗಲ ಕುಡಿ, ಹೀರೆ ಕುಡಿ, ಬಸಳೆ, ಕೆಸು, ಒಂದೆಲಗ, ಬೇಲಿಯ ಮೇಲೆ ಸಿಕ್ಕಿದ್ದು, ತೋಟದ ಅಂಚಿನಲ್ಲಿ ಸಿಕ್ಕಿದ್ದು ಎಲ್ಲ. ಹಬ್ಬದ ಹಿಂದಿನ ದಿನ ಅಜ್ಜಿ, ಮೊಮ್ಮಗಳು ಇಬ್ಬರೂ ಬುಟ್ಟಿ ಹಿಡಿದು ಹೊರಟರು. ಅಜ್ಜಿಗೆ ಮೊಣಕಾಲು ನೋವು, ಬಗ್ಗಲು ಆಗುವುದಿಲ್ಲ. ಅಜ್ಜಿ ಕೋಲಿನಿಂದ ತೋರಿಸುವುದು, ಇವಳು ಚಿವುಟುವುದು. ಸುಮಾರು ಸೊಪ್ಪಿನ ಹೆಸರು ನನಗೇ ಬರುವುದಿಲ್ಲ. ಇವಳು ಒಂದೊಂದರದ್ದೂ ಫೋಟೋ ತೆಗೆದು ಅಜ್ಜಿ ಹೇಳಿದ ಹೆಸರನ್ನು ಅದರ ಜೊತೆಗೇ ಬರೆದುಕೊಂಡಳು. ಈ ಕೆಲಸ ಮನೆಯಲ್ಲಿ ಯಾರಾದರೂ ಮಾಡಲೇಬೇಕಿತ್ತು. ಅವಳು ಯಾರೂ ಹೇಳದೆ ಮಾಡಿದಳು.

ಆ ರಾತ್ರಿ ಮಲಗಲಿಲ್ಲ. ಸೌತೆಕಾಯಿ ತುರಿದು ಕಡುಬಿನ ಹಿಟ್ಟು ಕಲಸಿದೆವು, ಎಲೆಯ ಕೊಟ್ಟೆ ಕಟ್ಟಿ ಬೇಯಿಸಿದೆವು, ಹೋಳಿಗೆ ತಟ್ಟಿದೆವು. ಬೆರಕೆ ಸೊಪ್ಪನ್ನು ಬೇಯಿಸಿ ಅನ್ನದ ಜೊತೆ ಕಲಸಿದರೆ ನಮ್ಮ ಮನೆಯ ಹಚ್ಚಂಬಲಿ. ಒಲೆ ಮುಂದೆ ಕೂತು ಅವಳು ಹಾಸ್ಟೆಲಿನ ಸುದ್ದಿ, ಇಂಟರ್ನ್‌ಶಿಪ್ ಚಿಂತೆ, ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡುವ ಹೆದರಿಕೆ ಹೋದದ್ದು, ಎಲ್ಲ ಹೇಳಿದಳು. ಕೈಯಲ್ಲಿ ಕೆಲಸ ಇದ್ದಾಗ ಮಕ್ಕಳು ತಾವಾಗಿಯೇ ಮಾತಾಡುತ್ತಾರೆ. ಎದುರು ಕೂರಿಸಿಕೊಂಡು ಕೇಳಿದರೆ "ಎಲ್ಲ ಚೆನ್ನಾಗಿದೆ ಅಮ್ಮಾ" ಅಂತ ಮುಗಿಸುತ್ತಾರೆ. ಅಲ್ಲಿ ರೆಕಾರ್ಡಿಂಗ್ ಆಫ್ ಮಾಡಿದ್ದೆ, ಅದು ನಮ್ಮಿಬ್ಬರ ಮಾತು.

ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗಿ ಹಚ್ಚಂಬಲಿ ಬೀರುವುದು ನಮ್ಮಲ್ಲಿ ಗಂಡಸರ ಕೆಲಸ. ಈ ಸಲ ಅಪ್ಪನ ಜೊತೆ ದೊಂದಿ ಹಿಡಿದು ಮಗಳೂ ಹೋದಳು. ಯಾರೂ ಬೇಡ ಅನ್ನಲಿಲ್ಲ. ಅಜ್ಜಿಯೇ ಚಿಕ್ಕ ಬುಟ್ಟಿಯನ್ನು ಅವಳ ಕೈಗೆ ಕೊಟ್ಟರು. "ಹಚ್ಚಂಬಲಿ, ಹಾಲಂಬಲಿ" ಅಂತ ಕೂಗಿ ಭೂಮಿತಾಯಿಯನ್ನು ಊಟಕ್ಕೆ ಕರೆಯುತ್ತಾ ಗದ್ದೆ ಅಂಚಿನ ಮೇಲೆ ನಡೆಯಬೇಕು. ಕೇಳಿಸಿಕೊಳ್ಳಿ, ದಪ್ಪ ದನಿ ಅವರಪ್ಪನದು. ಹಿಂದಿನಿಂದ ಬರುತ್ತಿರುವುದು ಅವಳದ್ದು. ಆಚೆ ದಿಬ್ಬದ ಗದ್ದೆಯಿಂದ ಬೇರೆಯವರ ಕೂಗೂ ಕೇಳುತ್ತದೆ.

ಹೊತ್ತು ಏರಿದ ಮೇಲೆ ಮನೆಯವರೆಲ್ಲ ಹೋದೆವು. ದೊಡ್ಡ ಬುಟ್ಟಿಯನ್ನು ನಮ್ಮನೆಯವರು ಹೊತ್ತರು. ಒಂದು ಬುಡ ಭತ್ತಕ್ಕೆ ನಾನು ನನ್ನ ಕೊರಳಿನ ಕರಿಮಣಿ ಸರ ಹಾಕಿ ಪೂಜೆ ಮಾಡಿದೆ. ತೆನೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಕಾಗೆಗೆ, ಇಲಿಗೆ ಅಂತ ಬೇರೆ ಎಡೆ ಇಟ್ಟೆವು. ಬೆಳೆಯಲ್ಲಿ ಅವಕ್ಕೂ ಪಾಲಿದೆ. ಆಮೇಲೆ ಅಂಚಿನ ಮೇಲೆ ಬಾಳೆ ಎಲೆ ಹಾಕಿಕೊಂಡು ಊಟ. ಕಡುಬಿಗೆ ತುಪ್ಪ ಜಾಸ್ತಿ ಹಾಕಿಸಿಕೊಂಡಿದ್ದು ಯಾರು ಅಂತ ನಿಮಗೇ ಕಾಣುತ್ತದೆ.

ಊಟ ಆದ ಮೇಲೆ ಗದ್ದೆಯಲ್ಲಿ ಒಂದು ಕಡುಬು ಹೂಳುವ ಪದ್ಧತಿ ಇದೆ. ಕುಯ್ಲಿನ ಹೊತ್ತಿಗೆ ಅದನ್ನು ತೆಗೆಯುತ್ತೇವೆ. ಈ ಸಲ ಮಣ್ಣು ಮುಚ್ಚಿದ್ದು ಮಗಳು. ಜಾಗ ಮರೆಯದಿರಲಿ ಅಂತ ಅಪ್ಪನಿಗೆ ಎರಡೆರಡು ಸಲ ತೋರಿಸಿದಳು.

ಅವತ್ತೇ ರಾತ್ರಿ ರೈಲು. ಬ್ಯಾಗಿನಲ್ಲಿ ರೂಮ್‌ಮೇಟ್‌ಗೆ ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಪುಂಡಿ ನಾರಿನ ಕುಂಚ. ದೀಪಾವಳಿಗೆ ಪರೀಕ್ಷೆ ಇದೆ, ಬರಲು ಆಗುವುದಿಲ್ಲ ಅಂದಿದ್ದಾಳೆ. ಕುಯ್ಲಿನಲ್ಲಿ ಕಡುಬು ತೆಗೆಯುವಾಗ ಮಾತ್ರ ಕ್ಲಾಸ್ ಇದ್ದರೂ ವಿಡಿಯೋ ಕಾಲ್ ಮಾಡಲೇಬೇಕಂತೆ. ಮಾಡುತ್ತೇನೆ. ಅವತ್ತಿನ ವಿಡಿಯೋವನ್ನೂ ಇಲ್ಲೇ ಹಾಕುತ್ತೇನೆ. ನಿಮ್ಮ ಮಕ್ಕಳು ಹಬ್ಬಕ್ಕೆ ಬಂದಿದ್ದರಾ? ಅವರ ಕೈಯಲ್ಲಿ ಏನು ಕೆಲಸ ಮಾಡಿಸಿದಿರಿ? ಕೆಳಗೆ ಬರೆಯಿರಿ, ನಾನು ಎಲ್ಲವನ್ನೂ ಓದುತ್ತೇನೆ.