ಇಲಿಮರಿ ಕುಡಿದ ಹಾಲು

ಕೇಳುಗರೆ, ನಮಸ್ಕಾರ.

ಆಗಷ್ಟೇ ಹುಟ್ಟಿದ ಇಲಿಮರಿಯನ್ನು ಹತ್ತಿರದಿಂದ ನೋಡಿದ್ದೀರಾ? ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ. ಚರ್ಮ ಎಷ್ಟು ತೆಳು ಅಂದರೆ, ಕುಡಿದ ಹಾಲು ಹೊಟ್ಟೆಯಲ್ಲಿ ಬೆಳ್ಳಗೆ ಹೊರಗಿನಿಂದಲೇ ಕಾಣುತ್ತದೆ. ಸ್ತನ ಕ್ಯಾನ್ಸರ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಆ ಹಾಲಿನ ಪಾಲು ದೊಡ್ಡದು.

1930ರ ದಶಕ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿದ್ದ ಕೆಲವು ಇಲಿ ವಂಶಗಳಲ್ಲಿ ತಾಯಿಗೂ ಸ್ತನ ಕ್ಯಾನ್ಸರ್, ಮಗಳಿಗೂ ಅದೇ. ಜೀನ್‌ಗಳ ಮೂಲಕ ಹುಟ್ಟಿನಿಂದಲೇ ಬಂದದ್ದು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಅಲ್ಲಿನ ವಿಜ್ಞಾನಿ ಜಾನ್ ಬಿಟ್ನರ್, ಮರಿಗಳು ಹುಟ್ಟಿದ ಕೂಡಲೇ ಅವನ್ನು ಎತ್ತಿ, ಈ ರೋಗ ಅಪರೂಪವಾಗಿದ್ದ ವಂಶದ ತಾಯಿಯ ಹತ್ತಿರ ಹಾಲಿಗೆ ಬಿಟ್ಟರು. ದೊಡ್ಡವಾದ ಮೇಲೆ ಅವುಗಳಲ್ಲಿ ಗಡ್ಡೆ ತುಂಬ ಕಡಿಮೆ ಕಂಡಿತು. 1936ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹಾಲಿನಲ್ಲಿ ಇದ್ದದ್ದು ಒಂದು ವೈರಸ್ ಅಂತ ಆಮೇಲೆ ತಿಳಿಯಿತು.

ತಾಯಂದಿರು ಹೆದರಬೇಡಿ, ಇದು ಇಲಿಗಳ ವೈರಸ್. ಮಗುವಿಗೆ ಹಾಲೂಡಿಸಿದರೆ ತಾಯಿಗೆ ಸ್ತನ ಕ್ಯಾನ್ಸರ್ ಅಪಾಯ ಸ್ವಲ್ಪ ಇಳಿಯುತ್ತದೆ.

ಹಾಗಾದರೆ ಜೀನ್ ಮಾತು ಎಲ್ಲಿ ಬಂತು? ಸ್ವಾರಸ್ಯ ಇರುವುದೇ ಇಲ್ಲಿ. ಈ ವೈರಸ್ ಇಲಿಯ ಡಿಎನ್‌ಎ ಒಳಗೇ ಸೇರಿಕೊಳ್ಳುತ್ತದೆ. ಆಗ ಸ್ತನದಲ್ಲಿ ಸುಮ್ನೆ ಇದ್ದ ಪಕ್ಕದ ಜೀನ್ ಎಚ್ಚರವಾಗಿ ಗಡ್ಡೆಗೆ ದಾರಿ ಮಾಡಿಬಿಡುತ್ತದೆ. 1982ರಲ್ಲಿ ವಿಜ್ಞಾನಿಗಳಾದ ರೂಲ್ ನುಸ್ಸೆ ಮತ್ತು ಹ್ಯಾರಲ್ಡ್ ವಾರ್ಮಸ್, ಬೇರೆ ಬೇರೆ ಗಡ್ಡೆಗಳಲ್ಲಿ ವೈರಸ್ ಮತ್ತೆ ಮತ್ತೆ ಎಲ್ಲಿ ಕೂತಿದೆ ಅಂತ ನೋಡಿ ಅಂಥ ಒಂದು ಜೀನ್ ಹಿಡಿದರು. ಈಗ ಅದರ ಹೆಸರು ವಿಂಟ್-1. ಹಣ್ಣುನೊಣಕ್ಕೆ ರೆಕ್ಕೆ ಮೂಡಬೇಕಾದರೂ ಇದೇ ಜೀನ್ ಬೇಕು!

ಮನುಷ್ಯರ ಬಿಆರ್‌ಸಿಎ-1 ಜೀನ್ ಕೈಗೆ ಸಿಕ್ಕಿದ್ದು 1994ರಲ್ಲಿ. ಅದರ ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದ ಕೆಟ್ಟಿದ್ದರೂ ಹೆಂಗಸರಿಗೆ ಸ್ತನ ಕ್ಯಾನ್ಸರ್ ಅಪಾಯ ಜಾಸ್ತಿ. ಇಲಿಯಲ್ಲಿ ಒಂದನ್ನು ಕೆಡಿಸಿದರು, ಅದು ಆರಾಮಾಗಿ ಓಡಾಡಿಕೊಂಡಿತ್ತು. ಎರಡನ್ನೂ ಕೆಡಿಸಿದರೆ ಮರಿ ಹೊಟ್ಟೆಯಲ್ಲೇ ಸತ್ತುಹೋಗುತ್ತಿತ್ತು. ಇಲಿ ಪುಟ್ಟ ಮನುಷ್ಯ ಅಲ್ಲ ಅಂತ ಇಷ್ಟು ಸ್ಪಷ್ಟವಾಗಿ ಹೇಳಿದ ಪ್ರಯೋಗ ನನಗೆ ಬೇರೆ ಕಂಡಿಲ್ಲ. 1999ರಲ್ಲಿ, ಸ್ತನದ ಜೀವಕೋಶಗಳಲ್ಲಿ ಮಾತ್ರ ಆ ಜೀನ್ ಇಲ್ಲದ ಇಲಿ ಸಿದ್ಧವಾಯಿತು. ಗಡ್ಡೆ ಬಂತು, ಆದರೆ ನಿಧಾನವಾಗಿ. ಕ್ಯಾನ್ಸರ್ ತಡೆಯುವ ಪಿ53 ಅನ್ನುವ ಜೀನ್ ಕೂಡ ಕೆಟ್ಟಾಗ ಬೇಗ ಬಂತು.

ಆಮೇಲೆ ಇಂಥ ಇಲಿಗಳಿಗೇ ಒಲಾಪರಿಬ್ ಅನ್ನುವ ಕ್ಯಾನ್ಸರ್ ಔಷಧಿ ಕೊಟ್ಟು ನೋಡಿದರು. ಗಡ್ಡೆ ಕುಗ್ಗಿತು. ಸ್ವಲ್ಪ ಕಾಲದ ಮೇಲೆ ಮತ್ತೆ ಬೆಳೆಯಿತು, ಯಾಕೆಂದರೆ ಕ್ಯಾನ್ಸರ್ ಜೀವಕೋಶಗಳು ಔಷಧಿಯನ್ನು ಹೊರಗೆ ಪಂಪ್ ಮಾಡಲು ಕಲಿತಿದ್ದವು. ಬಿಆರ್‌ಸಿಎ ದೋಷವಿರುವ ಎಷ್ಟೋ ಹೆಂಗಸರು ಇವತ್ತು ನುಂಗುತ್ತಿರುವುದು ಅದೇ ಮಾತ್ರೆ.